ಪರ-ವಿರೋಧ: ದೊಆಯಿಯ ಪಾತಾಳ ನಿಲ್ದಾಣ ಬೇಕಾ, ಬೇಡವಾ?

ಪರ: ರೈಲು ಹೇಗೂ ಅಲ್ಲೇ ಹೋಗುತ್ತೆ, ನಿಲ್ಲಲಿ ಬಿಡಿ

'ಪರ ನೀವು ಬರೆಯಿರಿ' ಅಂದರು, ಒಪ್ಪಿಕೊಂಡೆ. ನಿಜ ಹೇಳಬೇಕೆಂದರೆ ನಾನು ಅಲ್ಲಿಗೆ ಹೋಗಿದ್ದು ಒಂದೇ ಸಲ. ಅದೂ ಗೆಳೆಯರು ಎಳೆದುಕೊಂಡು ಹೋದದ್ದಕ್ಕೆ. ಆದರೂ ಮುಚ್ಚಿಬಿಡಿ ಅನ್ನಲು ಮನಸ್ಸು ಬರುವುದಿಲ್ಲ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ದೊಆಯಿ ಇರುವುದು ಜಪಾನಿನ ಗುನ್ಮಾ ಪ್ರಾಂತ್ಯದಲ್ಲಿ, ತನಿಗಾವಾ ಬೆಟ್ಟದ ಬುಡದಲ್ಲಿ. 1931ರಲ್ಲಿ ಬೆಟ್ಟ ಕೊರೆದು ಒಂದು ಹಳಿ ಹಾಕಿದರು. ಅದು ಸಾಲದೆ 1967ರಲ್ಲಿ ಎರಡನೇ ಹಳಿಗೆಂದು ಇನ್ನೂ ಕೆಳಗೆ ಸುಮಾರು 13.5 ಕಿಲೋಮೀಟರ್ ಸುರಂಗ ತೋಡಿದರು. ಹಾಗಾಗಿ ಟೋಕಿಯೊ ಕಡೆಗೆ ಹೋಗುವ ರೈಲು ನೆಲದ ಮೇಲೆ ನಿಲ್ಲುತ್ತದೆ. ನೀಗಾಟಾ ಕಡೆಗೆ ಹೋಗುವುದು 70 ಮೀಟರ್ ಕೆಳಗೆ, ಸುರಂಗದೊಳಗೆ. ಅಲ್ಲಿ ಇಳಿದವರು ಉದ್ದನೆಯ ಮೆಟ್ಟಿಲು ಹತ್ತಿ ಮೇಲೆ ಬರಬೇಕು. ಜಪಾನಿಯರು ಇದನ್ನು 'ಮೊಗುರಾ' ನಿಲ್ದಾಣ ಅಂತಾರೆ. ಮಣ್ಣೊಳಗೆ ಬಿಲ ತೋಡಿ ಬದುಕುವ ಒಂದು ಸಣ್ಣ ಪ್ರಾಣಿ ಅದು.

ನನ್ನ ವಾದ ಇಷ್ಟೇ. ಸುರಂಗ ಇದೆ, ಹಳಿ ಇದೆ, ರೈಲು ಹೇಗೂ ಹಾದು ಹೋಗುತ್ತೆ. ಅರ್ಧ ನಿಮಿಷ ನಿಂತರೆ ಏನು ಗಂಟು ಹೋಗುತ್ತೆ? 1985ರಿಂದ ಅಲ್ಲಿ ಸಿಬ್ಬಂದಿಯೇ ಇಲ್ಲ, ಸಂಬಳದ ಮಾತೇ ಬರುವುದಿಲ್ಲ. ಟಿಕೆಟ್ ಕೊಡುತ್ತಿದ್ದ ಕೋಣೆ ಈಗ ಕಾಫಿ ಅಂಗಡಿ. ಆ ಮೆಟ್ಟಿಲು ನೋಡಲೆಂದೇ ಜನ ಬರುತ್ತಾರೆ. ಮೆಟ್ಟಿಲು ಜಾಸ್ತಿ ಆಯಿತು ಅನ್ನುವವರಿಗೆ ಹತ್ತಿರದ ಮಿನಕಾಮಿ ನಿಲ್ದಾಣದಿಂದ ಬಸ್ಸಿದೆ. ಬೆಟ್ಟ ಹತ್ತಲು ಬಂದವರು ಮೆಟ್ಟಿಲಿಗೆ ಹೆದರಿದರೆ ಹೇಗೆ ಸ್ವಾಮಿ?

ರೈಲು ಹೇಗೂ ಹೋಗುತ್ತೆ, ನಿಲ್ಲಲಿ ಬಿಡಿ. ಇದಕ್ಕಿಂತ ಹೆಚ್ಚು ಹೇಳಲು ನನಗೂ ತೋಚುತ್ತಿಲ್ಲ.

ವಿರೋಧ: ನಮ್ಮಮ್ಮನ ಮಂಡಿಯನ್ನು ಕೇಳಿ

ಸ್ವಾಮಿ ಅಂದರಲ್ಲ, ಸ್ವಾಮಿ, ನಮ್ಮಮ್ಮ ಬೆಟ್ಟ ಹತ್ತಲು ಬಂದಿರಲಿಲ್ಲ.

ಮೈಸೂರಿನಿಂದ ಅಮ್ಮ ಬಂದಿದ್ದಳು. ಆಗಸ್ಟ್ ತಿಂಗಳು, ಟೋಕಿಯೊದಲ್ಲಿ ಬೆವರು ಕಿತ್ತು ಬರುತ್ತಿತ್ತು. ತಂಪು ಜಾಗಕ್ಕೆ ಕರೆದುಕೊಂಡು ಹೋಗೋಣ, ರೋಪ್‌ವೇಯಲ್ಲಿ ಕೂರಿಸಿ ಮೋಡ ತೋರಿಸೋಣ ಅಂತ ಹೊರಟೆ. ತಕಸಾಕಿಯಲ್ಲಿ ಒಮ್ಮೆ ರೈಲು ಬದಲಿಸಿದೆವು, ಮಿನಕಾಮಿಯಲ್ಲಿ ಇನ್ನೊಮ್ಮೆ. ಇಳಿಯಬೇಕಾದ ನಿಲ್ದಾಣದ ಬಗ್ಗೆ ಸರಿಯಾಗಿ ಓದಿಕೊಳ್ಳದೆ ಹೋದದ್ದು ನನ್ನದೇ ತಪ್ಪು. ರೈಲು ಕತ್ತಲೆಯಲ್ಲೇ ನಿಂತಿತು. ಇಳಿದರೆ ಶೈತ್ಯಾಗಾರದಂಥ ಚಳಿ, ಗೋಡೆಯಿಂದ ನೀರು. ಅಮ್ಮ ಸೆರಗು ಹೊದ್ದುಕೊಂಡಳು. ಇಳಿದ ಉಳಿದವರೆಲ್ಲ ಮೊಬೈಲು ಹಿಡಿದು ಫೋಟೊ ತೆಗೆಯುತ್ತಿದ್ದರು.

ಎದುರಿಗೆ ಮೆಟ್ಟಿಲು. ನೇರ, ಒಂದೇ ಸಮನೆ, ತುದಿಯಲ್ಲಿ ಕಾಸಗಲದ ಬೆಳಕು. 462 ಮೆಟ್ಟಿಲು! ಅದು ಮುಗಿದ ಮೇಲೆ ಹೊಳೆ ದಾಟುವ ಉದ್ದನೆಯ ಓಣಿ, ಆಮೇಲೆ ಇನ್ನೂ 24. ಆರೋಗ್ಯವಂತರಿಗೇ ಹತ್ತು ನಿಮಿಷ ಬೇಕು. ನಮಗೆ ಮುಕ್ಕಾಲು ಗಂಟೆ ಹಿಡಿಯಿತು. ಅಮ್ಮ ಸಿಕ್ಕ ಕಡೆಯೆಲ್ಲ ಕೂತಳು. ನೂರೈವತ್ತರ ಹತ್ತಿರ ಕೂತವಳು ಅಂದದ್ದು ಇನ್ನೂ ಕಿವಿಯಲ್ಲಿದೆ: 'ಚಾಮುಂಡಿ ಬೆಟ್ಟಕ್ಕೆ ಸಾವಿರ ಮೆಟ್ಟಿಲು, ಒಪ್ಪಿದೆ ಕಣೋ. ಮೇಲೆ ತಾಯಿಯಾದರೂ ಇದ್ದಾಳೆ. ಇಲ್ಲಿ ಯಾರಿದ್ದಾರೆ?' ಕಾಫಿ ಅಂಗಡಿ ಇದೆ ಅಂತ ಹೇಳುವ ಧೈರ್ಯ ನನಗಾಗಲಿಲ್ಲ.

ಹೊಟ್ಟೆ ಉರಿಯುವುದು ಯಾವುದಕ್ಕೆ ಗೊತ್ತಾ? ಮೆಟ್ಟಿಲ ಪಕ್ಕದಲ್ಲೇ ಉದ್ದಕ್ಕೂ ಖಾಲಿ ಜಾಗ ಬಿಟ್ಟಿದ್ದಾರೆ. ಎಸ್ಕಲೇಟರ್ ಹಾಕಲೆಂದು! ಕಟ್ಟುವಾಗಲೇ ಜಾಗ ಬಿಟ್ಟವರು ಇವತ್ತಿಗೂ ಅದನ್ನು ಹಾಕಿಲ್ಲ. 1982ರಲ್ಲಿ ಶಿಂಕಾನ್ಸೆನ್ ಅನ್ನುವ ಬುಲೆಟ್ ರೈಲು ಬಂತು, ದೂರ ಹೋಗುವವರೆಲ್ಲ ಅದಕ್ಕೆ ಹತ್ತಿಕೊಂಡರು. ಉಳಿದದ್ದು ದಿನಕ್ಕೆ ಬೆರಳೆಣಿಕೆಯ ರೈಲು. ಇನ್ನು ಯಾರು ಹಾಕಿಯಾರು?

ಸಿಬ್ಬಂದಿ ಇದ್ದ ಕಾಲದಲ್ಲಿ ಕೆಳಗಿನ ರೈಲಿಗೆ ಹೊರಡುವ ಹತ್ತು ನಿಮಿಷ ಮುಂಚೆಯೇ ಗೇಟು ಹಾಕುತ್ತಿದ್ದರಂತೆ. ಆಮೇಲೆ ಬಂದವರು ಇಳಿದು ಹಿಡಿಯಲಾರರು ಅಂತ. ಪ್ಲಾಟ್‌ಫಾರಂ ಇರುವುದು ಮನುಷ್ಯರಿಗೆ ಅನ್ನುವುದು ಆಗಲೇ ಮರೆತುಹೋಗಿತ್ತು ಅನ್ನಿಸುತ್ತೆ.

ನನ್ನ ಎದುರಾಳಿ 'ನಿಂತರೆ ಏನು ಗಂಟು ಹೋಗುತ್ತೆ' ಅಂತಾರೆ. ಅವರ ಲೆಕ್ಕದಲ್ಲಿ ರೈಲು ನಿಲ್ಲುವುದು ಫೋಟೊ ತೆಗೆಯಲು. ಹಾಗಾದರೆ ಅದಕ್ಕೆ ಗುಹೆ ಅಂತ ಬೋರ್ಡು ಹಾಕಿ, ಟಿಕೆಟ್ ಮಾರಿ. ನಿಲ್ದಾಣ ಅಂತ ಯಾಕೆ ಕರೀತೀರಿ? ಎಸ್ಕಲೇಟರ್ ಹಾಕಿ, ಇಲ್ಲವೇ ಕೆಳಗಿನ ಪ್ಲಾಟ್‌ಫಾರಂ ಮುಚ್ಚಿ ಬಸ್ಸು ಹೆಚ್ಚು ಬಿಡಿ. ಸರಿ, ಮೆಟ್ಟಿಲ ತುದಿಯಿಂದ ತಿರುಗಿ ನೋಡಿದಾಗ ನನಗೂ ಒಂದು ಕ್ಷಣ ಮೈ ಜುಮ್ಮೆಂದಿತು. ಅದು ಬೇರೆ ಮಾತು.

ಅವತ್ತು ರೋಪ್‌ವೇಗೆ ಹೋಗಲೇ ಇಲ್ಲ. ಕಾಫಿ ಕುಡಿದು ವಾಪಸ್ ಹೊರಟೆವು. ಟೋಕಿಯೊ ಕಡೆಯ ರೈಲು ನೆಲದ ಮೇಲೇ ಬಂತು, ಬಿಸಿಲಲ್ಲಿ, ಹಸಿರಿನ ಮಧ್ಯೆ. ಅಮ್ಮ ಹಳಿಯನ್ನು ಆ ಕಡೆಯಿಂದ ಈ ಕಡೆಯವರೆಗೆ ನೋಡಿದಳು.

'ಇಲ್ಲೇ ಇಳಿಸೋಕೆ ಆಗ್ತಿರ್ಲಿಲ್ವೇನೋ?'