ಸ್ಟೆಪ್ನಿ ಇಲ್ಲದ ಕಾರು

ಜರ್ಮನಿಯ ಸ್ಟುಟ್‌ಗಾರ್ಟ್ ಹೊರವಲಯದ ಊರೊಂದರಲ್ಲಿ ನೆಲೆಸಿ ಹನ್ನೆರಡು ವರ್ಷ ಕಳೆದ ಮೇಲೆ, ಎಪ್ಪತ್ತು ಸಾವಿರ ಕಿಲೋಮೀಟರ್ ಓಡಿದ್ದ 2017ರ ಪೋರ್ಷೆ ಮಕಾನ್ ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡೆ. ಸುದ್ದಿ ಸಕಲೇಶಪುರ ಮುಟ್ಟಿದ ದಿನವೇ ಚಿಕ್ಕಪ್ಪ ಫೋನ್ ಮಾಡಿ, "ಮಕಾನ್ ಅಂದ್ರೆ ಮನೆ ಅಲ್ವೇನೋ? ಆ ದುಡ್ಡಿಗೆ ಇಲ್ಲೇ ಒಂದು ಮಕಾನ್ ಕಟ್ಟಬಹುದಿತ್ತು" ಎಂದು ನಕ್ಕರು. ಇಂಡೋನೇಷ್ಯಾದ ಭಾಷೆಯಲ್ಲಿ ಆ ಪದಕ್ಕೆ ಹುಲಿ ಎಂದರ್ಥ ಎಂಬ ನನ್ನ ಸಮಜಾಯಿಷಿ ಅವರಿಗೆ ಬೇಕಾಗಿರಲಿಲ್ಲ. ಅಪ್ಪ ಕೇಳಿದ್ದು ಎರಡೇ ಪ್ರಶ್ನೆ: ಮೈಲೇಜ್ ಎಷ್ಟು, ಸ್ಟೆಪ್ನಿ ಎಲ್ಲಿ?

ಇಲ್ಲಿನವರು ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಕುಡಿಯುತ್ತದೆ ಎಂದು ಎಣಿಸುತ್ತಾರೆ. ನನ್ನ ಕಾರಿಗೆ ಸುಮಾರು 11 ಬೇಕು, ಅಂದರೆ ಅಪ್ಪನ ಲೆಕ್ಕದಲ್ಲಿ ಲೀಟರಿಗೆ ಒಂಬತ್ತು. ಸ್ಟೆಪ್ನಿ ಇರಬೇಕಾದ ಗುಂಡಿಯಲ್ಲಿ ತೂತು ಮುಚ್ಚುವ ಅಂಟಿನ ಬಾಟಲಿಯೊಂದು, ಅಂಗೈ ಅಗಲದ ಗಾಳಿ ಪಂಪೊಂದು, ಇಷ್ಟೇ ಇವೆ. ನಾವು ದಿನನಿತ್ಯ ಬಳಸುವ ಈ ಸ್ಟೆಪ್ನಿ ಎಂಬ ಪದ ವೇಲ್ಸ್‌ನ ಲನೆಲ್ಲಿ ಪಟ್ಟಣದ ಒಂದು ಬೀದಿಯ ಹೆಸರಿನಿಂದ ಬಂದದ್ದು. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಹೆಚ್ಚುವರಿ ಚಕ್ರ ತಯಾರಿಸುತ್ತಿದ್ದವರ ಅಂಗಡಿ ಅಲ್ಲಿತ್ತು. ಯುರೋಪಿನ ಹೊಸ ಕಾರುಗಳಿಂದ ಮೆಲ್ಲನೆ ಕಾಣೆಯಾಗುತ್ತಿರುವ ವಸ್ತುವನ್ನು ಅದರ ಹೆಸರಿನ ಸಮೇತ ನಾವು ಜೋಪಾನ ಮಾಡಿಕೊಂಡಿದ್ದೇವೆ.

ಲೈಪ್‌ಜಿಗ್ ಕಾರ್ಖಾನೆಯಿಂದ 2014ರಲ್ಲಿ ಹೊರಬಂದ ಈ ಮಾದರಿ ಮೂಲದಲ್ಲಿ ಔಡಿ ಕ್ಯೂ5ರ ತಳಹದಿಯನ್ನೇ ಬಳಸಿಕೊಂಡಿದ್ದರೂ, ಸ್ಟೀರಿಂಗ್ ಹಿಡಿದಾಗ ಆ ನೆಂಟಸ್ತಿಕೆ ಅಷ್ಟಾಗಿ ತಿಳಿಯುವುದಿಲ್ಲ. ಎತ್ತರದ, ಸುಮಾರು 1.8 ಟನ್ ತೂಗುವ ವಾಹನವನ್ನು ತಿರುವುಗಳಲ್ಲಿ ತಗ್ಗಿನ ಕಾರಿನಂತೆ ವಾಲದೆ ಓಡಿಸುವ ಹಟವೇ ಒಂದು ವಿರೋಧಾಭಾಸ ಎಂಬುದನ್ನು ನಾನು ಒಪ್ಪುತ್ತೇನೆ. ಒಪ್ಪಿಯೂ ಕೊಂಡೆ, ಏಕೆಂದರೆ ಹಿಂದಿನ ಸೀಟಿನಲ್ಲಿ ಮಗಳು, ಡಿಕ್ಕಿಯಲ್ಲಿ ಊರಿಂದ ಬಂದ ಅತ್ತೆಯವರ ಎರಡು ಸೂಟ್‌ಕೇಸ್, ಮುಂದೆ ಮ್ಯೂನಿಕ್‌ಗೆ ಹೋಗುವ ಎ8 ಹೆದ್ದಾರಿ, ಈ ಮೂರಕ್ಕೂ ಒಗ್ಗುವ ಕಾರು ನನಗೆ ಬೇಕಿತ್ತು.

ಆ ಹೆದ್ದಾರಿ ಷ್ವೇಬಿಷೆ ಆಲ್ಬ್ ಬೆಟ್ಟಸಾಲನ್ನು ಹತ್ತುವಾಗ ಹೋಗುವ ದಾರಿಯೂ ಬರುವ ದಾರಿಯೂ ಬೇರೆ ಬೇರೆಯಾಗಿ ಬೆಟ್ಟದ ಮಗ್ಗುಲಲ್ಲಿ ಸುತ್ತಿಕೊಳ್ಳುತ್ತವೆ. ಅಲ್ಲಿ ಪ್ರತಿ ಸಲವೂ ನನಗೆ ಶಿರಾಡಿ ಘಾಟಿ ನೆನಪಾಗುತ್ತದೆ. ಶಿರಾಡಿಯಲ್ಲಿ ಚಾಲಕನ ಜಾಣ್ಮೆಯೆಲ್ಲ ಎದುರಿನಿಂದ ಬರುವವನು ಏನು ಮಾಡಬಹುದು ಎಂದು ಊಹಿಸುವುದರಲ್ಲೇ ಖರ್ಚಾಗುತ್ತದೆ. ಇಲ್ಲಿ ಊಹಿಸುವ ಪ್ರಮೇಯ ಕಡಿಮೆ. ಓವರ್‌ಟೇಕ್ ಮುಗಿದ ಕೂಡಲೇ ಬಲಗಡೆಯ ಲೇನ್‌ಗೆ ಮರಳಬೇಕು, ಬಲಗಡೆಯಿಂದ ಯಾರನ್ನೂ ಹಿಂದಿಕ್ಕಬಾರದು, ಸ್ಪೀಡೋಮೀಟರ್ ತೋರಿಸುವ ಸಂಖ್ಯೆಯ ಅರ್ಧದಷ್ಟು ಮೀಟರ್ ಅಂತರ ಬಿಡಬೇಕು, ಅಂದರೆ 130ರಲ್ಲಿ 65 ಮೀಟರ್. ಮಿತಿಯಿಲ್ಲದ ಭಾಗಗಳಲ್ಲಿಯೂ 1978ರಿಂದ 130 ಎಂಬುದು ಸಲಹೆಯ ವೇಗವಾಗಿದೆ. ಹೊರಗಿನವರು ಆಟೋಬಾನ್, ಅಂದರೆ ಇಲ್ಲಿನ ಹೆದ್ದಾರಿ, ಎಂದರೆ ಮನಸೋ ಇಚ್ಛೆ ಎಂದುಕೊಳ್ಳುತ್ತಾರೆ, ಆದರೆ ವಾಹನ ದಟ್ಟಣೆಯಾದ ಕ್ಷಣವೇ ಎಡ ಲೇನಿನವರು ಎಡಕ್ಕೂ ಉಳಿದವರೆಲ್ಲ ಬಲಕ್ಕೂ ಸರಿದು, ಆಂಬುಲೆನ್ಸ್ ಇನ್ನೂ ಕಾಣಿಸದಿದ್ದರೂ ನಡುವೆ ದಾರಿ ಬಿಟ್ಟು ನಿಲ್ಲುವುದನ್ನು ಮೊದಲ ಸಲ ನೋಡಿದಾಗ ನಾನು ಕಾರಿನಲ್ಲೇ ದಂಗಾಗಿದ್ದೆ. ಕಾರಿನ ವೇಗಕ್ಕೆ ಹಣ ಕೊಟ್ಟವನು ನಾನು, ಅದನ್ನು ಬಳಸಲು ಬಿಡುವವರು ಉಳಿದವರು.

ಬೆಂಗಳೂರಿನಲ್ಲಿ ಇದೇ ಮಾದರಿಯನ್ನು ಇಟ್ಟುಕೊಂಡಿರುವ ಗೆಳೆಯನ ಜೊತೆ ಕೂತಾಗ ಈ ಮಾತು ಇನ್ನಷ್ಟು ಖಚಿತವಾಯಿತು. ಹಂಪ್ ಎಂದರೆ 3.7 ಮೀಟರ್ ಅಗಲಕ್ಕೆ ಹತ್ತು ಸೆಂಟಿಮೀಟರ್ ಎತ್ತರ ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆ ಹೇಳುತ್ತದೆ, ಅವನ ಬಡಾವಣೆಯವರು ಅಷ್ಟೇ ಎತ್ತರವನ್ನು ಒಂದು ಮೊಳದಲ್ಲಿ ಮುಗಿಸಿದ್ದಾರೆ. ಅವನು ಪ್ರತಿ ಹಂಪಿನ ಮುಂದೆಯೂ ಉಸಿರು ಬಿಗಿಹಿಡಿದು ಕಾರನ್ನು ಓರೆಯಾಗಿ ಹತ್ತಿಸುತ್ತಾನೆ.

ಅವನು ತೆತ್ತಿರುವ ತೆರಿಗೆಯ ಕತೆಯೇ ಬೇರೆ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಬೆಲೆಯ ಶೇ 18ರಷ್ಟು ಜೀವಿತಾವಧಿ ತೆರಿಗೆ, ಮೇಲೆ ಸೆಸ್, ಎಲ್ಲವೂ ಮೊದಲ ದಿನವೇ. ಇಲ್ಲಿ ವರ್ಷಕ್ಕೊಮ್ಮೆ ಕಟ್ಟುವ ತೆರಿಗೆಗೆ ಕಾರಿನ ಬೆಲೆಯೇ ಲೆಕ್ಕಕ್ಕಿಲ್ಲ. ಪೆಟ್ರೋಲ್ ಎಂಜಿನ್ನಿನ ಪ್ರತಿ ನೂರು ಸಿಸಿಗೆ ಎರಡು ಯೂರೋ, ಅದರ ಮೇಲೆ ಅದು ಉಗುಳುವ ಇಂಗಾಲದ ಡೈಆಕ್ಸೈಡಿಗೆ ತಕ್ಕ ಮೊತ್ತ. ಎರಡು ಲೀಟರ್ ಎಂಜಿನ್ನಿನ ನನ್ನ ಹುಲಿಗೆ ಮೊದಲ ಬಾಬ್ತು ಕೇವಲ 40 ಯೂರೋ. ಆದರೆ ನಮ್ಮಲ್ಲಿ ಕೊಂಡ ದಿನ ಕಳಚಿಕೊಳ್ಳುವ ಭಾರ ಇಲ್ಲಿ ಕಂತುಕಂತಾಗಿ ಬೆನ್ನು ಹತ್ತುತ್ತದೆ: ಎರಡು ವರ್ಷಕ್ಕೊಮ್ಮೆ ಕಡ್ಡಾಯ ತಪಾಸಣೆ, ವರ್ಷಕ್ಕೆರಡು ಸಲ ಟೈರ್ ಬದಲಾವಣೆ.

ಈ ಟೈರಿನ ಕೆಲಸವನ್ನು ಕಳೆದ ಅಕ್ಟೋಬರಿನಲ್ಲಿ ನಾನೇ ಮಾಡಿದೆ. ಈ ಕಾರಿನ ಮುಂದಿನ ಚಕ್ರಕ್ಕೆ 235/60, ಹಿಂದಿನದಕ್ಕೆ 255/55 ಅಳತೆ, ಎರಡೂ 18 ಇಂಚು. ಹಾಗಾಗಿ ಮುಂದಿನದನ್ನು ಹಿಂದಕ್ಕೆ ಹಾಕಿ ಸವೆತ ಸರಿದೂಗಿಸುವ ಅಪ್ಪನ ಹಳೆಯ ಉಪಾಯ ಇಲ್ಲಿ ನಡೆಯುವುದಿಲ್ಲ. ಹಿಮದ ಹರಳಿನ ಚಿಹ್ನೆಯಿರುವ ಚಳಿಗಾಲದ ಟೈರುಗಳನ್ನು ನೆಲಮಾಳಿಗೆಯಿಂದ ಉರುಳಿಸಿಕೊಂಡು ಬಂದು, ತಣ್ಣಗಿನ ಬೋಲ್ಟುಗಳನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ, ಟಾರ್ಕ್ ವ್ರೆಂಚ್ 'ಟಕ್' ಎನ್ನುವವರೆಗೆ ಬಿಗಿ ಮಾಡಿ, ಐವತ್ತು ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿದೆ. ಈ ಕಾರು ನನ್ನದು ಎಂದು ಗಟ್ಟಿಯಾಗಿ ಅನಿಸಿದ್ದು ಆ ಬೆಳಿಗ್ಗೆ. ಆಯುಧ ಪೂಜೆಯ ದಿನವೂ ಅಷ್ಟಾಗಿ ಅನಿಸಿರಲಿಲ್ಲ, ಸಾಮೂಹಿಕ ಗ್ಯಾರೇಜಿನಲ್ಲಿ ಬೂದುಗುಂಬಳ ಒಡೆಯಲು ಧೈರ್ಯ ಸಾಲದೆ ನಾಲ್ಕು ನಿಂಬೆಹಣ್ಣು ಚಕ್ರಕ್ಕೆ ಕೊಟ್ಟು, ತಕ್ಷಣ ಬಟ್ಟೆಯಿಂದ ನೆಲ ಒರೆಸಿದ್ದೆ.

ಇಷ್ಟೆಲ್ಲ ಹೊಗಳಿದ ವ್ಯವಸ್ಥೆಯ ಇನ್ನೊಂದು ಮುಖ ಕಂಡದ್ದು ಜನವರಿಯಲ್ಲಿ, ಹಿಂದಿನ ಟೈರಿಗೆ ಮೊಳೆ ಹೊಕ್ಕಾಗ. ಹಳದಿ ಜಾಕೆಟ್ ತೊಟ್ಟು, ಎಚ್ಚರಿಕೆಯ ತ್ರಿಕೋನವನ್ನು ನೂರೈವತ್ತು ಮೀಟರ್ ಹಿಂದೆ ಇಟ್ಟು, ತಡೆಬೇಲಿಯ ಆಚೆ ನಿಂತು ಒಂದೂವರೆ ಗಂಟೆ ಕಾದೆ. ಯಾರೂ ನಿಲ್ಲಿಸಲಿಲ್ಲ, ನಿಯಮದ ಪ್ರಕಾರ ನಿಲ್ಲಿಸಲೂಬಾರದು. ಅಂಟು ಸುರಿದ ಟೈರಿಗೆ ಪಂಕ್ಚರ್ ಹಾಕುವುದಿಲ್ಲ ಎಂದ ಅಂಗಡಿಯವರು, ಒಂದು ಹೊಸದು ಹಾಕಿದರೆ ಜೋಡಿಯ ಇನ್ನೊಂದನ್ನೂ ಹಾಕಬೇಕೆಂದು ಎರಡು ಟೈರಿನ ಬಿಲ್ ಕೈಗಿತ್ತರು. ಸಕಲೇಶಪುರದ ಬೈಪಾಸಿನಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಇಬ್ಬರು ಜ್ಯಾಕ್ ಹಿಡಿದು, ಮೂವರು ಸಲಹೆ ಕೊಟ್ಟು, ಪಂಕ್ಚರ್ ಅಂಗಡಿಯ ಹುಡುಗ ಮೊಳೆಯನ್ನು ನನ್ನ ಅಂಗೈಗೇ ಇಡುತ್ತಿದ್ದ.

ಆ ರಾತ್ರಿ ಅಪ್ಪನಿಗೆ ಬಿಲ್ಲಿನ ಮೊತ್ತ ಹೇಳಿದೆ. ಅವರು ಅದನ್ನು ರೂಪಾಯಿಗೆ ಗುಣಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಅವತ್ತೇ ಕೇಳಿದ್ದೆನಲ್ಲೋ, ಸ್ಟೆಪ್ನಿ ಎಲ್ಲಿ ಅಂತ" ಎಂದರು.