ಮಿರಜ ಎಲ್ಲೂ ಓಡಿ ಹೋಗೋದಿಲ್ಲ, ಮೊದಲು ಇಸಿಜಿ ಮಾಡಿಸಿ

ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊನ್ನೆ ರಾತ್ರಿ ನಮ್ಮ ಓಣಿಯ ಕಾಕಾ ಒಬ್ಬರಿಗೆ ಎದೆ ಹಿಡಿದುಕೊಂಡಿತು. ಉಂಡು ಕಟ್ಟೆ ಮೇಲೆ ಕೂತವರು ಬೆವತು ತೊಯ್ದು ಹೋದರು. ಎಡಗೈ ಜೋಮು. ವಯಸ್ಸು ಇನ್ನೂ ಐವತ್ತು ದಾಟಿಲ್ಲ. ನಾನು ಮೆಡಿಕಲ್ ಅಂಗಡಿಯ ಶಟರ್ ಎಳೆದು ಓಡಿ ಬರುವಷ್ಟರಲ್ಲಿ ಕಾರು ಬಂದಿತ್ತು, ತೀರ್ಮಾನವೂ ಆಗಿಹೋಗಿತ್ತು. "ಸರಕಾರಿ ದವಾಖಾನ್ಯಾಗ ಏನೈತ್ರಿ? ಸೀದಾ ಮಿರಜಕ್ಕ ಹೊಡಿ!"

ಹೊಡೆದರು. ತಾಲೂಕು ಆಸ್ಪತ್ರೆಯ ಗೇಟಿನ ಮುಂದೆಯೇ ಹಾದು ಹೋದರು. ನಮ್ಮ ಜಮಖಂಡಿಯಿಂದ ಮಹಾರಾಷ್ಟ್ರದ ಮಿರಜಕ್ಕೆ ಹಗಲಲ್ಲೇ ಎರಡು ತಾಸಿನ ದಾರಿ. ಈಗ ಕಬ್ಬಿನ ಸೀಸನ್ ಬೇರೆ. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳ ಹಿಂದೆ ಆ ಕಾರು ಎಷ್ಟು ಹೊತ್ತು ತೆವಳಿತೋ! ಕಾಕಾ ಉಳಿದಿದ್ದಾರೆ, ಮುಚ್ಚಿದ ರಕ್ತನಾಳ ತೆರೆದಿಡುವ ಸ್ಟೆಂಟ್ ಹಾಕಿದ್ದಾರೆ. ಆದರೆ "ಹಾರ್ಟಿನ ಪಂಪಿಂಗ್ ಭಾಳ ಕಮ್ಮಿ ಆಗೈತಿ, ಲಗೂನ ತರಬೇಕಿತ್ತು" ಅಂದರಂತೆ ಡಾಕ್ಟರು. ಲಗೂನ! ಮನೆಯಿಂದ ಹತ್ತು ನಿಮಿಷದಲ್ಲಿ ಒಂದು ಆಸ್ಪತ್ರೆ ಇತ್ತಲ್ವಾ?

ಹೃದಯಾಘಾತ ಅಂದರೆ ಹೃದಯಕ್ಕೆ ರಕ್ತ ಒಯ್ಯುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುವುದು. ಕಾಲುವೆ ಕಟ್ಟಿದರೆ ಅದರ ಕೆಳಗಿನ ಹೊಲ ಒಣಗುತ್ತದಲ್ಲ, ಹಾಗೆಯೇ ಮುಂದಿನ ಮಾಂಸಖಂಡ ಸಾಯತೊಡಗುತ್ತದೆ. ಸತ್ತದ್ದು ಮತ್ತೆ ಚಿಗುರುವುದಿಲ್ಲ. ಆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ಇಂಜೆಕ್ಷನ್ ಇದೆ. ರಕ್ತನಾಳಕ್ಕೆ ಒಂದೇ ಸಲ, ಕೆಲವೇ ಸೆಕೆಂಡಿನಲ್ಲಿ ಕೊಡುತ್ತಾರೆ. ಮೊದಲ ಮೂರು ತಾಸಿನಲ್ಲಿ ಅದರ ಉಪಯೋಗ ಅತಿ ಹೆಚ್ಚು, 12 ತಾಸು ದಾಟಿದರೆ ಬಹುತೇಕ ಇಲ್ಲ. ಎಲ್ಲ ಹೃದಯಾಘಾತಕ್ಕೂ ಕೊಡುವಂಥದ್ದಲ್ಲ, ರಕ್ತಸ್ರಾವದ ಅಪಾಯ ಇದ್ದವರಿಗೂ ಕೊಡುವುದಿಲ್ಲ. ಯಾವ ಥರದ ಹೃದಯಾಘಾತ ಅಂತ ತಿಳಿಯಲು ಮೊದಲು ಇಸಿಜಿ, ಅಂದರೆ ಹೃದಯ ಬಡಿತದ ವಿದ್ಯುತ್ ಗೆರೆಗಳ ಪಟ್ಟಿ ಬೇಕು.

ಹೊರಗೆ ಹತ್ತಾರು ಸಾವಿರ ಬೆಲೆಯ ಈ ಔಷಧವನ್ನು ಸರ್ಕಾರ ಜಿಲ್ಲಾ, ತಾಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡಲು ಶುರು ಮಾಡಿದೆ. 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿಗೇ ಹೋದ ನಮ್ಮ ಅಪ್ಪು ಹೆಸರಿನ ಯೋಜನೆ ಅದು, ಹೃದಯ ಜ್ಯೋತಿ. ಅಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ದೂರದಿಂದಲೇ ನೋಡಿ ಏನು ಮಾಡಬೇಕು ಅಂತ ಹೇಳುತ್ತಾರೆ. ಅಪ್ಪು ಫೋಟೋಗೆ ಪ್ರತಿ ವರ್ಷ ಹಾರ ಹಾಕುವ ನಮ್ಮ ಹುಡುಗರಿಗೇ ಇದು ಗೊತ್ತಿಲ್ಲ. ಹೊಟ್ಟೆ ಉರಿಯುತ್ತದೆ.

"ಅಣ್ಣಾ, ರಾತ್ರಿ ಅಲ್ಲಿ ಡಾಕ್ಟರೇ ಇರಲ್ಲ" ಅನ್ನುತ್ತೀರಿ. ಕೆಲವು ಕಡೆ ನಿಜ ಇರಬಹುದು. ಆದರೆ ಮೊನ್ನೆ ಯಾರಾದರೂ ಇಳಿದು ಕೇಳಿದರಾ? ಒಂದು ಫೋನಾದರೂ ಮಾಡಿದರಾ? 108ಕ್ಕೆ? ಸರ್ಕಾರಿ ಆಸ್ಪತ್ರೆ ಬೇಡ ಅಂದರೆ ಹತ್ತಿರದಲ್ಲಿ ಇಸಿಜಿ ಇರುವ ಖಾಸಗಿ ಆಸ್ಪತ್ರೆಗಾದರೂ ಹೋಗಿ. ಮಿರಜದ ಡಾಕ್ಟರ ಮೇಲೆ ನಮ್ಮ ಅಜ್ಜನ ಕಾಲದಿಂದ ನಂಬಿಕೆ ಇದೆ, ನನಗೂ ಇದೆ. ಸ್ಟೆಂಟ್‌ಗೆ ಅಲ್ಲಿಗೇ ಹೋಗಿ, ಬೆಳಗಾವಿಗೆ ಹೋಗಿ. ಮೊದಲ ತಾಸಿನ ಚಿಕಿತ್ಸೆ ಮಾತ್ರ ಊರಲ್ಲೇ ಆಗಬೇಕು.

ಇದು ಒಬ್ಬ ಕಾಕಾನ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2019ರಲ್ಲಿ ಜಗತ್ತಿನಲ್ಲಿ ಸುಮಾರು 1.79 ಕೋಟಿ ಜನ ಹೃದಯ, ರಕ್ತನಾಳದ ರೋಗಗಳಿಂದ ಸತ್ತರು. ಅದರಲ್ಲಿ ಶೇಕಡಾ 85 ಭಾಗ ಹೃದಯಾಘಾತ ಮತ್ತು ಪಾರ್ಶ್ವವಾಯು. ನನ್ನ ಅಂಗಡಿಗೆ ಬಿಪಿ ಗುಳಿಗೆಗೆ ಬರುವವರಲ್ಲಿ ಮೂವತ್ತೈದರ ಹುಡುಗರು ಜಾಸ್ತಿ ಆಗುತ್ತಿದ್ದಾರೆ. ಬಾಯಲ್ಲಿ ಗುಟ್ಕಾ. ದಿನಕ್ಕೆ 5 ಗ್ರಾಂ ಉಪ್ಪು ಮೀರಬಾರದು ಅಂದರೆ ಉಪ್ಪಿನಕಾಯಿ, ಹಪ್ಪಳ ಬಿಟ್ಟು ರೊಟ್ಟಿ ಹೇಗೆ ಇಳಿಯುತ್ತದೆ ಅಂತ ಕೇಳುತ್ತಾರೆ. "ಬಿಪಿ ನಾರ್ಮಲ್ ಬಂತ್ರಿ, ಗುಳಿಗಿ ಬಿಟ್ಟೆ" ಅನ್ನುವವರಂತೂ ದಿನಾ ಸಿಗುತ್ತಾರೆ. ಗುಳಿಗೆ ನುಂಗಿದ್ದಕ್ಕೇ ಅಲ್ವಾ ನಾರ್ಮಲ್ ಬಂದದ್ದು! ಕಾಕಾ ಕೂಡ ಹೀಗೇ ಬಿಟ್ಟಿದ್ದರು. ಬೇಡ ಅಂತ ಬೈದಿದ್ದೆ, ಕೇಳಲಿಲ್ಲ.

ಅಥಣಿ, ಮುಧೋಳ, ಬೀಳಗಿ, ಬನಹಟ್ಟಿ ಕಡೆಯ ಗೆಳೆಯರೇ, ಈ ವಾರ ನಿಮ್ಮ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ಎರಡೇ ಪ್ರಶ್ನೆ ಕೇಳಿ. ರಾತ್ರಿ ಇಸಿಜಿ ತೆಗೆಯುತ್ತೀರಾ? ಆ ಇಂಜೆಕ್ಷನ್ ಸ್ಟಾಕ್ ಇದೆಯಾ? ಸಿಕ್ಕ ಉತ್ತರ ಕೆಳಗೆ ಬರೆಯಿರಿ. ಇಲ್ಲ ಅಂದ ಕಡೆಯ ಶಾಸಕರಿಗೆ ಅರ್ಜಿ ನಾನೇ ಬರೆದುಕೊಡುತ್ತೇನೆ, ಸಹಿ ಹಾಕೋಕೆ ನೀವು ಬನ್ನಿ.