ತುಳಿದ ಸೊಪ್ಪಿಗೆ ಸದನದ ಕಣ್ಣೀರು

ಜನಪ್ರತಿನಿಧಿಗಳಿಗೆ ಸಿನಿಮಾ ಅರ್ಥವಾಗುವುದಿಲ್ಲವೆಂದು ಹಗುರವಾಗಿ ಮಾತಾಡುವವರು, 1967ರ ಮೇ ತಿಂಗಳಲ್ಲಿ ಚೆಕೊಸ್ಲೊವಾಕಿಯಾದ ರಾಷ್ಟ್ರೀಯ ಸಭೆಯಲ್ಲಿ ನಡೆದುದನ್ನು ಒಮ್ಮೆ ಗಮನಿಸಬೇಕು. ಯಾರೊಸ್ಲಾವ್ ಪ್ರುಝಿನೆಟ್ಸ್ ಎಂಬ ಸದಸ್ಯರು 21 ಮಂದಿಯ ಪರವಾಗಿ ಎದ್ದು ನಿಂತು, ನಿರ್ದೇಶಕಿ ವೆರಾ ಖಿಟಿಲೋವಾ ಅವರ ‘ಡೈಸೀಸ್’ ಚಿತ್ರದ ಮೇಲೆ ಹರಿಹಾಯ್ದರು. ರೈತರು ಬೆವರು ಸುರಿಸಿ ಬೆಳೆದದ್ದು ತೆರೆಯ ಮೇಲೆ ಹೀಗೆ ಮಣ್ಣುಪಾಲಾಗಬಹುದೇ ಎಂಬುದು ಅವರ ಸಂಕಟ.

ಸಂಕಟಕ್ಕೆ ಆಧಾರವಿಲ್ಲದಿಲ್ಲ. ಚಿತ್ರದ ಕೊನೆಯಲ್ಲಿ ಮರಿಯಾ ಎಂಬ ಒಂದೇ ಹೆಸರಿನ ಇಬ್ಬರು ಹುಡುಗಿಯರು, ಇನ್ನಾರಿಗೋ ಅಣಿಮಾಡಿಟ್ಟ ಔತಣದ ಕೋಣೆಗೆ ನುಗ್ಗಿ, ಕಂಡ ತಟ್ಟೆಗೆಲ್ಲ ಕೈಹಾಕಿ ತಿಂದು, ಕೇಕನ್ನು ಪರಸ್ಪರ ಎರಚಿಕೊಂಡು, ಹೈಹೀಲ್ಸ್ ಮೆಟ್ಟಿ ಮೇಜಿನುದ್ದಕ್ಕೂ ಭಕ್ಷ್ಯಗಳನ್ನು ತುಳಿಯುತ್ತಾ ನಡೆದು, ತೂಗುದೀಪಕ್ಕೆ ಜೋತುಬೀಳುತ್ತಾರೆ. ಆಮೇಲೆ ಬಾಂಬ್ ದಾಳಿಗೆ ಹಾಳಾದ ಊರೊಂದರ ದೃಶ್ಯದ ಮೇಲೆ ಅರ್ಪಣೆಯ ಸಾಲು ಮೂಡುತ್ತದೆ: ತುಳಿದ ಸಲಾಡ್ ಸೊಪ್ಪನ್ನು ಕಂಡಾಗಷ್ಟೇ ಸಿಟ್ಟಿಗೇಳುವವರಿಗೆ ಈ ಚಿತ್ರ ಅರ್ಪಣೆ. ಅರ್ಪಣೆಗೆ ಪಾತ್ರರಾದವರೇ ಸ್ವಯಂಪ್ರೇರಣೆಯಿಂದ ಮುಂದೆ ಬಂದು, ಸದನದಲ್ಲಿ ವಿಧಿವತ್ತಾಗಿ ಅದನ್ನು ಸ್ವೀಕರಿಸುವ ಸೌಭಾಗ್ಯ ಎಷ್ಟು ಚಿತ್ರಗಳಿಗೆ ಒದಗೀತು? (ಚಿತ್ರೋದ್ಯಮವನ್ನು 1945ರಲ್ಲೇ ರಾಷ್ಟ್ರೀಕರಣ ಮಾಡಿದ್ದ ಆ ದೇಶದಲ್ಲಿ ಕೇಕಿನ ದುಡ್ಡೂ ಸರ್ಕಾರದ್ದೇ ಎಂಬುದು ಬೇರೆ ಮಾತು.)

ಮರುವರ್ಷದ ಆಗಸ್ಟ್‌ನಲ್ಲಿ ಸೋವಿಯತ್ ಟ್ಯಾಂಕುಗಳು ಪ್ರಾಗ್‌ಗೆ ನುಗ್ಗಿದವು. ಬಳಿಕ ಗದ್ದುಗೆಯೇರಿದ ಗುಸ್ತಾವ್ ಹುಸಾಕ್ ಆಡಳಿತ ಅದನ್ನು ‘ಸೋದರ ನೆರವು’ ಎಂದು ಕರೆಯಿತು. ಹುಡುಗಿಯ ಹಿಮ್ಮಡಿ ಸೊಪ್ಪಿನ ಮೇಲೆ ಬಿದ್ದರೆ ಜನದ್ರೋಹ, ಟ್ಯಾಂಕು ರಾಜಧಾನಿಯ ಮೇಲೆ ಉರುಳಿದರೆ ಭ್ರಾತೃಪ್ರೇಮ. ತುಳಿತದ ಶಾಸ್ತ್ರದಲ್ಲಿ ಇಂಥ ಸೂಕ್ಷ್ಮಗಳು ಬಹಳ.

ಖಿಟಿಲೋವಾ ದೇಶ ಬಿಟ್ಟು ಹೋಗಲಿಲ್ಲ. ಸರ್ಕಾರವೂ ಅಷ್ಟೇ ಸೌಜನ್ಯದಿಂದ, ಚಿತ್ರ ಮಾಡುವ ಕೆಲಸವೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಅವರಿಗೆ ಬಿಟ್ಟುಕೊಟ್ಟಿತು. ಛಾಯಾಗ್ರಾಹಕರಾಗಿದ್ದ ಪತಿ ಯಾರೊಸ್ಲಾವ್ ಕುಚೆರಾ ಅವರ ಹೆಸರಿನಲ್ಲಿ ಜಾಹೀರಾತು ಚಿತ್ರಗಳನ್ನು ತೆಗೆದು ಅವರು ದಿನ ದೂಡಿದರು. ಸಮಾಜವಾದಕ್ಕೆ ಅಪಾಯ ಒಡ್ಡುತ್ತಿದ್ದುದು ಆಕೆಯ ಕೈಯಲ್ಲ, ಸಹಿ ಮಾತ್ರ ಎಂದಾಯಿತು. 1975ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಮಹಿಳಾ ವರ್ಷವೆಂದು ಘೋಷಿಸಿತ್ತು. ಅದೇ ವರ್ಷ ಈ ಮಹಿಳೆ ಕೆಲಸ ಕೊಡಿಸಿರೆಂದು ಅಧ್ಯಕ್ಷ ಹುಸಾಕ್‌ಗೆ ಪತ್ರ ಬರೆಯಬೇಕಾಯಿತು.

ಕೊನೆಗೆ 1976ರಲ್ಲಿ ಹೆರಿಗೆ ಆಸ್ಪತ್ರೆಯೊಂದರ ಕಥೆಯುಳ್ಳ ‘ದಿ ಆಪಲ್ ಗೇಮ್’ ಸಿದ್ಧವಾಯಿತು. ವೈದ್ಯನ ಪಾತ್ರಕ್ಕೆ ಅವರು ಆರಿಸಿದ್ದು ಯಿರ್ಷಿ ಮೆಂಜೆಲ್‌ರನ್ನು, ಅಂದರೆ 1969ರಲ್ಲಿ ತೆಗೆದ ಚಿತ್ರವೊಂದಕ್ಕೆ ಸರ್ಕಾರ ಬೀಗ ಜಡಿದಿದ್ದ, 1990ರವರೆಗೂ ಆ ಬೀಗ ತೆರೆಯದಿದ್ದ ಇನ್ನೊಬ್ಬ ನಿರ್ದೇಶಕರನ್ನು. ಚಿತ್ರೀಕರಣಕ್ಕೆ ಸೇಬು ಎಷ್ಟು ಖರ್ಚಾಯಿತು ಎಂಬ ಪ್ರಶ್ನೆಯನ್ನು ಪ್ರುಝಿನೆಟ್ಸ್ ಅವರೇ ಎತ್ತಬೇಕಿತ್ತು.